ಗಾಳಿ ಫಿಲ್ಟರಿನಲ್ಲಿ ವಿಕಿರಣದ ಕುರುಹು: ಗೈಗರ್ ಕೌಂಟರ್ ಸಾಕೇ, ಸ್ಪೆಕ್ಟ್ರೋಮೀಟರ್ ಬೇಕೇ, ಲ್ಯಾಬಿಗೇ ಕಳಿಸಬೇಕೇ?

ಈ ಪ್ರಶ್ನೆಯನ್ನು ಬೇರೆ ಬೇರೆಯವರು ಕೇಳುತ್ತಲೇ ಇರುತ್ತಾರೆ. ಕೈಗಾ ಸುತ್ತಮುತ್ತಲಿನವರು ಕೇಳುತ್ತಾರೆ. ಜಪಾನಿನಲ್ಲೋ ಜರ್ಮನಿಯಲ್ಲೋ ಕೆಲಸದಲ್ಲಿರುವ ಕನ್ನಡಿಗರು ಕೇಳುತ್ತಾರೆ. ಎಂಎಸ್ಸಿ ಪ್ರಾಜೆಕ್ಟಿಗೆ ವಿಷಯ ಹುಡುಕುವ ವಿದ್ಯಾರ್ಥಿಗಳೂ ಕೇಳುತ್ತಾರೆ. ಕೈಯಲ್ಲೊಂದು ಫಿಲ್ಟರ್ ಇದೆ. ಏರ್ ಪ್ಯೂರಿಫೈಯರಿನದೋ, ಕಾರಿನದೋ, ಗಾಳಿ ಎಳೆದು ಧೂಳು ಹಿಡಿಯುವ ಸ್ಯಾಂಪ್ಲರಿನದೋ. ಅದರಲ್ಲಿ ಗಾಳಿಯಿಂದ ಬಂದ ವಿಕಿರಣಶೀಲ ಧೂಳು ಇದೆಯಾ ಅಂತ ನೋಡಬೇಕು. ಯಾವ ಉಪಕರಣ ಕೊಳ್ಳಲಿ?

ಉಪಕರಣದ ಮಾತು ಆಮೇಲೆ. ಫಿಲ್ಟರಿನಲ್ಲಿ ಎಷ್ಟು ಗಾಳಿ ಹಾದಿದೆ, ಯಾವಾಗ ಹಾದಿದೆ, ನಿಮಗೆ ಗೊತ್ತಾಗಬೇಕಾದ್ದು ನಿಜಕ್ಕೂ ಏನು ಅನ್ನೋದು ತಿಳಿದರೆ ಅರ್ಧ ಆಯ್ಕೆ ತಾನೇ ಮುಗಿಯುತ್ತದೆ. ಇದಕ್ಕೆ 2017ರಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಆ ವರ್ಷ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಯುರೋಪಿನ ಹಲವು ದೇಶಗಳ ಗಾಳಿ ಫಿಲ್ಟರುಗಳಲ್ಲಿ ರುಥೇನಿಯಂ-106 ಎಂಬ ವಿಕಿರಣಶೀಲ ಧಾತು ಕಾಣಿಸಿಕೊಂಡಿತು. ರೊಮೇನಿಯಾದಲ್ಲಿ ಒಂದು ಘನ ಮೀಟರ್ ಗಾಳಿಗೆ 100 ಮಿಲಿಬೆಕೆರೆಲ್‌ಗೂ ಜಾಸ್ತಿ ಸಿಕ್ಕಿತು. ಫ್ರಾನ್ಸ್ ಮುಟ್ಟುವ ಹೊತ್ತಿಗೆ ಅದು ಮೈಕ್ರೋಬೆಕೆರೆಲ್ ಲೆಕ್ಕಕ್ಕೆ, ಅಂದರೆ ಸಾವಿರಾರು ಪಟ್ಟು ಕೆಳಗೆ ಇಳಿದಿತ್ತು. (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕೆರೆಲ್.)

ಈಗ ಒಂದು ಲೆಕ್ಕ ಹಾಕೋಣ. ನಮ್ಮಲ್ಲಿ ಮಾಲಿನ್ಯ ಅಳೆಯಲು ಕಟ್ಟಡಗಳ ತಾರಸಿ ಮೇಲೆ ಇಡುವ ದೊಡ್ಡ ಧೂಳಿನ ಸ್ಯಾಂಪ್ಲರ್ ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿ ಎಳೆಯುತ್ತದೆ. ದಿನಕ್ಕೆ ಹತ್ತಿರ ಹತ್ತಿರ 1,600 ಘನ ಮೀಟರ್. ಅದರ ಫಿಲ್ಟರ್ 20 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಉದ್ದದ ಹಾಳೆ. ರೊಮೇನಿಯಾದ ಗಾಳಿಯಲ್ಲಿ ಅದು ಒಂದು ದಿನ ಓಡಿದ್ದರೆ ಹಾಳೆಯ ಮೇಲೆ ಸುಮಾರು 160 ಬೆಕೆರೆಲ್ ಕೂತಿರುತ್ತಿತ್ತು. ಎರಡಿಂಚಿನ, ಚಪ್ಪಟೆ ಬಿಲ್ಲೆಯಂಥ ಪ್ಯಾನ್‌ಕೇಕ್ ಗೈಗರ್ ಟ್ಯೂಬಿನ ಕಿಟಕಿ ಆ ಹಾಳೆಯ ನೂರರಲ್ಲಿ ಮೂರ್ನಾಲ್ಕು ಪಾಲನ್ನು ಮಾತ್ರ ನೋಡುತ್ತದೆ. ಆದರೂ ನಿಮಿಷಕ್ಕೆ 80-90 ಕೌಂಟ್ ಹೆಚ್ಚುವರಿ ಬರುತ್ತಿತ್ತು. ಬ್ಯಾಕ್‌ಗ್ರೌಂಡ್ (ಏನೂ ಇಡದಿದ್ದಾಗಲೂ ಬರುವ ಸಹಜ ಎಣಿಕೆ) 40ರ ಆಸುಪಾಸು ಇರುವಾಗ ಇದು ಕಣ್ಣಿಗೆ ಹೊಡೆಯುವಂಥ ಏರಿಕೆ. ಅದೇ ಹಾಳೆ 10 ಮೈಕ್ರೋಬೆಕೆರೆಲ್ ಗಾಳಿಯಲ್ಲಿ ಓಡಿದ್ದರೆ? ಇಡೀ ಹಾಳೆಯಲ್ಲಿ ನಿಮಿಷಕ್ಕೆ ಒಂದೇ ಕ್ಷಯ. ಯಾವ ಗೈಗರ್ ಕೌಂಟರಿಗೂ ಅದು ಸಿಗುವುದಿಲ್ಲ. ಘಟನೆ ಒಂದೇ, ಫಿಲ್ಟರ್ ಒಂದೇ. ಒಂದು ಕಡೆ ಕೈಯಲ್ಲಿ ಹಿಡಿಯುವ ಉಪಕರಣ ಸಾಕು, ಇನ್ನೊಂದು ಕಡೆ ದೊಡ್ಡ ಲ್ಯಾಬೇ ಬೇಕು.

ಇನ್ನೂ ಒಂದು ವಿಷಯ ಇಲ್ಲಿದೆ. ಆ ಫಿಲ್ಟರುಗಳಲ್ಲಿ ರುಥೇನಿಯಂ ಇತ್ತು, ಸೀಸಿಯಂ ಇರಲಿಲ್ಲ. ರಿಯಾಕ್ಟರ್ ಒಡೆದಿದ್ದರೆ ಸೀಸಿಯಂ, ಅಯೋಡಿನ್ ಎಲ್ಲ ಒಟ್ಟಿಗೆ ಬರಬೇಕಿತ್ತು. ಹಾಗಾಗಿ ಇದು ಬಳಸಿದ ಇಂಧನವನ್ನು ಸಂಸ್ಕರಿಸುವ ಜಾಗದಿಂದ ಬಂದಿರಬೇಕು ಅಂತ ವಿಜ್ಞಾನಿಗಳು ತೀರ್ಮಾನಿಸಿದರು. ಗಾಳಿಯ ದಿಕ್ಕಿನ ಲೆಕ್ಕ ರಷ್ಯಾದ ದಕ್ಷಿಣ ಯೂರಲ್ ಕಡೆ ಬೆರಳು ಮಾಡಿತು. ರಷ್ಯಾ ಒಪ್ಪಲಿಲ್ಲ. ಬರೀ "ವಿಕಿರಣ ಜಾಸ್ತಿ ಇದೆ" ಅನ್ನುವ ಉಪಕರಣದಿಂದ ಈ ತೀರ್ಮಾನಕ್ಕೆ ಬರಲು ಆಗುತ್ತಿರಲಿಲ್ಲ. "ಇದೆಯೇ", "ಯಾವುದು", "ಎಷ್ಟು" — ಇವು ಮೂರು ಬೇರೆ ಪ್ರಶ್ನೆಗಳು, ಮೂರಕ್ಕೂ ಬೇರೆ ಬೇರೆ ಖರ್ಚು.

ಯಾವ ಅಳತೆಗೋಲಿನಿಂದ ತೂಗಬೇಕು

ನಾನು ಪ್ರತಿ ದಾರಿಯನ್ನೂ ನಾಲ್ಕು ವಿಷಯ ಇಟ್ಟುಕೊಂಡು ನೋಡುತ್ತೇನೆ. ಮೊದಲನೆಯದು, ಎಷ್ಟು ಕಡಿಮೆ ಇದ್ದರೂ ಹಿಡಿಯುತ್ತದೆ. ಎರಡನೆಯದು, ಯಾವ ಪರಮಾಣು ಅಂತ ಹೆಸರು ಹಿಡಿದು ಹೇಳುತ್ತದೆಯೇ. ಮೂರನೆಯದು, ನೀವು ಹುಡುಕುತ್ತಿರುವ ಪರಮಾಣು ಬಿಡುವ ವಿಕಿರಣ ಅದಕ್ಕೆ ಕಾಣುತ್ತದೆಯೇ. ಸೀಸಿಯಂ-137 ಗಾಮಾ ಬಿಡುತ್ತದೆ, ಸ್ಟ್ರಾನ್ಷಿಯಂ-90 ಬೀಟಾ ಮಾತ್ರ, ಪ್ಲುಟೋನಿಯಂ ಮುಖ್ಯವಾಗಿ ಆಲ್ಫಾ. ನಾಲ್ಕನೆಯದು ದುಡ್ಡು ಮತ್ತು ಸಮಯ. ಗೈಗರ್ ಕೌಂಟರಿಗೆ ಸಾವಿರಗಳಲ್ಲಿ ಖರ್ಚು, ಸೀಸದ ಕವಚದ ಜರ್ಮೇನಿಯಂ ಡಿಟೆಕ್ಟರಿಗೆ ಹತ್ತಾರು ಲಕ್ಷ.

ಈ ನಾಲ್ಕರ ಜೊತೆಗೆ ಇನ್ನೊಂದು ತೊಡಕು ಎಲ್ಲ ದಾರಿಗೂ ಅಡ್ಡ ಬರುತ್ತದೆ. ಹೊಸಬರ ಗಾಬರಿಗೆಲ್ಲ ಮೂಲ ಇದೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ರೇಡಾನ್ ಇಳಿಯಲಿ

ನೆಲದಿಂದ, ಗೋಡೆಯ ಕಲ್ಲಿನಿಂದ ರೇಡಾನ್ ಅನಿಲ ಸದಾ ಹೊರಬರುತ್ತಿರುತ್ತದೆ. ನಮ್ಮ ಗ್ರಾನೈಟ್ ನಾಡಿನಲ್ಲಂತೂ ಇದು ಇದ್ದದ್ದೇ. ರೇಡಾನ್ ಕ್ಷಯಿಸಿದಾಗ ಹುಟ್ಟುವ ಪೊಲೋನಿಯಂ-218, ಸೀಸ-214, ಬಿಸ್ಮತ್-214 ಧೂಳಿಗೆ ಅಂಟಿಕೊಂಡು ಫಿಲ್ಟರಿನಲ್ಲಿ ಬಂದು ಕೂರುತ್ತವೆ. ಅವು ಆಲ್ಫಾ, ಬೀಟಾ, ಗಾಮಾ ಮೂರನ್ನೂ ಬಿಡುತ್ತವೆ. ಯಾವ ಅಪಘಾತವೂ ಇಲ್ಲದೆ, ಯಾವ ಸ್ಥಾವರವೂ ಹತ್ತಿರ ಇಲ್ಲದೆ, ಪಂಪಿನಿಂದ ಈಗಷ್ಟೇ ತೆಗೆದ ಫಿಲ್ಟರ್ ಬಿಸಿಬಿಸಿಯಾಗಿ ಕೌಂಟ್ ಕೊಡುತ್ತದೆ.

ಬೇಕಿದ್ದರೆ ನೀವೇ ನೋಡಿ. ಕಿಟಕಿ ಮುಚ್ಚಿದ ನೆಲಮಾಳಿಗೆಯ ಕೋಣೆ ಆರಿಸಿ. ವ್ಯಾಕ್ಯೂಮ್ ಕ್ಲೀನರಿನ ಕೊಳವೆಯ ಬಾಯಿಗೆ ಮಾಸ್ಕಿನ ಒಂದು ಪದರವನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಅರ್ಧ ಗಂಟೆ ಓಡಿಸಿ. ಬಿಚ್ಚಿ ನೋಡಿದರೆ ಬಟ್ಟೆಯ ನಡುವೆ ಬೂದು ಬಣ್ಣದ ದುಂಡು ಗುರುತು ಇರುತ್ತದೆ. ಅದನ್ನು ಪ್ಯಾನ್‌ಕೇಕ್ ಟ್ಯೂಬಿನ ಕೆಳಗೆ ಇಟ್ಟರೆ ಕೌಂಟ್ ಬ್ಯಾಕ್‌ಗ್ರೌಂಡಿನ ಹಲವು ಪಟ್ಟು ಏರುತ್ತದೆ. ಹೆದರಬೇಡಿ, ಅಲ್ಲೇ ಕೂತು ಹತ್ತು ಹತ್ತು ನಿಮಿಷಕ್ಕೆ ಬರೆದುಕೊಳ್ಳಿ. ಸುಮಾರು ಮೂವತ್ತರಿಂದ ನಲವತ್ತು ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ ಹೋಗುತ್ತದೆ. ನಾಲ್ಕೈದು ಗಂಟೆ ಕಳೆದರೆ ರೇಡಾನಿನ ಪಾಲು ಬಹುಮಟ್ಟಿಗೆ ಮುಗಿದಿರುತ್ತದೆ.

ಆದರೂ ಸ್ವಲ್ಪ ಉಳಿಯುತ್ತದೆ. ಅದು ಥೋರಿಯಂ ಕಡೆಯಿಂದ ಬಂದ ಥೋರಾನ್ ಅನಿಲದ ಮಕ್ಕಳು, ಅಂದರೆ ಅದು ಕ್ಷಯಿಸಿದಾಗ ಹುಟ್ಟುವವು. ಅವುಗಳಲ್ಲಿ ಸೀಸ-212ರ ಅರ್ಧಾಯುಷ್ಯ (ಅರ್ಧ ಪಾಲು ಕ್ಷಯಿಸಲು ಬೇಕಾದ ಕಾಲ) 10.6 ಗಂಟೆ. ಅದು ನೂರಕ್ಕೆ ಒಂದು ಪಾಲಿಗೆ ಇಳಿಯಲು ಮೂರು ದಿನ ಬೇಕು. ಥೋರಿಯಂ ಇರುವ ಮೊನಝೈಟ್ ಮರಳಿನ ಉಳ್ಳಾಲದಂಥ ಕರಾವಳಿಯಲ್ಲಿ ಇದನ್ನು ಮರೆಯಲೇಬಾರದು. ಒಟ್ಟು ಆಲ್ಫಾ-ಬೀಟಾ ಎಣಿಸುವ ಲ್ಯಾಬುಗಳು ಫಿಲ್ಟರನ್ನು ನಾಲ್ಕೈದು ದಿನ ಸುಮ್ನೆ ಇಟ್ಟು ಆಮೇಲೆ ಎಣಿಸುವುದು ಇದಕ್ಕೇ. ಪರಮಾಣು ಪರೀಕ್ಷೆ ನಿಷೇಧ ಒಪ್ಪಂದದ ಜಾಗತಿಕ ಜಾಲದ ನಿಲ್ದಾಣಗಳೂ ಒಂದು ದಿನ ಗಾಳಿ ಎಳೆದು, ಒಂದು ದಿನ ಕಾದು, ಮತ್ತೊಂದು ದಿನ ಎಣಿಸುತ್ತವೆ.

ಇಷ್ಟಾದರೂ ಸೊನ್ನೆಗೆ ಇಳಿಯುವುದಿಲ್ಲ. ರೇಡಾನ್ ಸರಣಿಯ ಕೊನೆಯ ಸೀಸ-210 ಮತ್ತು ಪೊಲೋನಿಯಂ-210 ಉಳಿದೇ ಉಳಿಯುತ್ತವೆ. ಮೊದಲನೆಯದರ ಅರ್ಧಾಯುಷ್ಯ 22 ವರ್ಷ, ಎರಡನೆಯದರದು 138 ದಿನ. "ಐದು ದಿನ ಆದಮೇಲೂ ಕೌಂಟ್ ಇದೆ, ಹಾಗಾದರೆ ಸೋರಿಕೆಯೇ" ಅನ್ನುವ ವಾದ ನಿಲ್ಲುವುದಿಲ್ಲ.

ಒಂದೇ ಒಂದು ವಿಷಯದಲ್ಲಿ ಕಾಯುವುದು ನಷ್ಟ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ. ತಿಂಗಳು ಬಿಟ್ಟು ಫಿಲ್ಟರ್ ತೆಗೆದರೆ ಅದು ಹದಿಮೂರರಲ್ಲಿ ಒಂದು ಪಾಲಿನಷ್ಟು ಉಳಿದಿರಬಹುದು, ಅಷ್ಟೇ.

ಗೈಗರ್ ಕೌಂಟರ್

ಕೊಳ್ಳುವುದಾದರೆ ತೆಳುವಾದ ಅಭ್ರಕದ ಕಿಟಕಿ ಇರುವ ಪ್ಯಾನ್‌ಕೇಕ್ ಟ್ಯೂಬಿನದೇ ಕೊಳ್ಳಿ. ಫುಕುಶಿಮಾ ಆದಮೇಲೆ 2011ರಲ್ಲಿ ಹುಟ್ಟಿದ ಸೇಫ್‌ಕಾಸ್ಟ್ ಎಂಬ ನಾಗರಿಕರ ತಂಡ ಜಪಾನಿನ ಬೀದಿಗಳನ್ನು ಅಳೆದದ್ದು ಇಂಥ ಟ್ಯೂಬಿನಿಂದಲೇ. ಲೋಹದ ಕೊಳವೆಯಂಥ ಅಗ್ಗದ ಟ್ಯೂಬುಗಳಿಗೆ ಆಲ್ಫಾ ಕಾಣುವುದೇ ಇಲ್ಲ, ದುರ್ಬಲ ಬೀಟಾ ಕೂಡ ಒಳಗೆ ಹೋಗುವುದಿಲ್ಲ. ಫಿಲ್ಟರ್ ಕೆಲಸಕ್ಕೆ ಅವು ದಂಡ.

ಇದರ ಶಕ್ತಿ ಬೇಗ ಉತ್ತರ ಕೊಡುವುದರಲ್ಲಿದೆ. ನಿಜವಾದ ಅಪಘಾತ ಆಗಿ ಗಾಳಿಯಲ್ಲಿ ಬೆಕೆರೆಲ್ ಲೆಕ್ಕದಲ್ಲಿ ಧೂಳು ಬಂದರೆ ಮೊದಲು ಹೇಳುವುದು ಇದೇ. ರೇಡಾನ್ ಇಳಿಯುವ ವಕ್ರರೇಖೆ ಬರೆಯಲು, ಕಾಲೇಜಿನ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯದು ಬೇಡ. ಆದರೆ ಇದು ಹೆಸರು ಹೇಳುವುದಿಲ್ಲ. ಪೊಲೋನಿಯಂ ಆಗಲಿ ಸೀಸಿಯಂ ಆಗಲಿ, ಇದಕ್ಕೆ ಎಲ್ಲವೂ ಒಂದೊಂದು ಟಿಕ್.

ಇನ್ನೊಂದು ತಪ್ಪು ಹಲವರು ಮಾಡುತ್ತಾರೆ. ಹತ್ತು ನಿಮಿಷ ಬ್ಯಾಕ್‌ಗ್ರೌಂಡ್ ಎಣಿಸಿ 400 ಬಂತು, ಫಿಲ್ಟರ್ ಇಟ್ಟು 460 ಬಂತು, ಅಂದರೆ 60 ಜಾಸ್ತಿ ಅಂತ ಹೇಳಿಬಿಡುತ್ತಾರೆ. ಎಣಿಕೆಯಲ್ಲಿ ವರ್ಗಮೂಲದಷ್ಟು ಏರಿಳಿತ ಸಹಜ. ಈ ವ್ಯತ್ಯಾಸದ ಏರಿಳಿತವೇ ಸುಮಾರು 29. ಅರವತ್ತು ಅದರ ಎರಡು ಪಟ್ಟು ಮಾತ್ರ. ಇದನ್ನು ನಂಬಬಾರದು. ಅದೇ ದರದಲ್ಲಿ ಎರಡನ್ನೂ ಒಂದೊಂದು ಗಂಟೆ ಎಣಿಸಿದರೆ 2,400 ಮತ್ತು 2,760 ಬರುತ್ತದೆ. ವ್ಯತ್ಯಾಸ 360, ಏರಿಳಿತ 72. ಐದು ಪಟ್ಟು. ಈಗ ನಂಬಬಹುದು. ಒಂದು ರೂಪಾಯಿ ಖರ್ಚಿಲ್ಲದೆ ಉಪಕರಣದ ಬೆಲೆ ಏರಿಸುವ ದಾರಿ ಇದು.

ಅಂಗೈಯಗಲದ ಸ್ಪೆಕ್ಟ್ರೋಮೀಟರ್

ಈಗ ರೇಡಿಯಾಕೋಡ್‌ನಂಥ ಪುಟ್ಟ ಉಪಕರಣಗಳು ಬಂದಿವೆ. ಒಳಗೆ ಒಂದು ಘನ ಸೆಂಟಿಮೀಟರಿನ ಸೀಸಿಯಂ ಅಯೋಡೈಡ್ ಹರಳು. ಗಾಮಾ ಕಿರಣ ಬಡಿದಾಗ ಹರಳು ಮಿನುಗುತ್ತದೆ, ಮಿನುಗಿನ ಅಳತೆಯಿಂದ ಕಿರಣದ ಶಕ್ತಿ ಗೊತ್ತಾಗುತ್ತದೆ. ಫೋನಿನ ಪರದೆ ಮೇಲೆ ಆ ಶಕ್ತಿಯ ಜಾಗದಲ್ಲಿ ಪೀಕ್ (ಶಿಖರ) ಏಳುವುದನ್ನು ನೋಡಬಹುದು. ಹವ್ಯಾಸಿಗಳ ಕೈಗೆ ಇಂಥದ್ದು ಬಂದದ್ದು ನಿಜಕ್ಕೂ ದೊಡ್ಡ ವಿಷಯ.

ಆದರೆ ಇದಕ್ಕೆ ಮಿತಿ ಎರಡು. ಮೊದಲನೆಯದು ಪೀಕಿನ ಅಗಲ. ಸೀಸಿಯಂ-137ರ ಗೆರೆ, ಅಂದರೆ ಅದರ ಗಾಮಾ ಕಿರಣದ ನಿಗದಿತ ಶಕ್ತಿ, 662 ಕೆಇವಿಯಲ್ಲಿ (ಕೆಇವಿ ಅಂದರೆ ಕಿರಣದ ಶಕ್ತಿಯ ಅಳತೆ). ಇದರಲ್ಲಿ ಆ ಗೆರೆ 55-60 ಕೆಇವಿ ಅಗಲಕ್ಕೆ ಹರಡುತ್ತದೆ. ರಾತ್ರಿ ದೂರದಿಂದ ಬರುವ ಲಾರಿಯ ಎರಡು ಹೆಡ್‌ಲೈಟ್ ಒಂದೇ ಬೆಳಕಾಗಿ ಕಾಣುತ್ತದಲ್ವಾ, ಇದೂ ಹಾಗೇ. ರೇಡಾನಿನ ಬಿಸ್ಮತ್-214 ಕೂರುವುದು 609ರಲ್ಲಿ, ಸೀಸಿಯಂ-134 605ರಲ್ಲಿ, ರುಥೇನಿಯಂ-106ರ ಮಗಳು ರೋಡಿಯಂ 622ರಲ್ಲಿ. ಈ ನಾಲ್ಕೂ ಒಂದಕ್ಕೊಂದು ಬೆರೆತುಹೋಗುತ್ತವೆ. ಅಯೋಡಿನ್-131ರ 364ಕ್ಕೂ ರೇಡಾನಿನ ಸೀಸ-214ರ 352ಕ್ಕೂ ಇದೇ ಪಾಡು. ಈಗಷ್ಟೇ ತೆಗೆದ ಫಿಲ್ಟರನ್ನು ಇಟ್ಟು "ಅಯೋಡಿನ್ ಇದೆ" ಅನ್ನುವವರು ನೋಡುತ್ತಿರುವುದು ಸಾಮಾನ್ಯವಾಗಿ ರೇಡಾನನ್ನೇ. ಐದು ದಿನ ಕಾದು ಮತ್ತೆ ಎಣಿಸಿದರೆ ಸತ್ಯ ಹೊರಗೆ ಬರುತ್ತದೆ. 352ರದ್ದು ಹೋಗಿರುತ್ತದೆ, 364ರದ್ದಾದರೆ ಮೂರರಲ್ಲಿ ಎರಡು ಪಾಲಿನ ಹತ್ತಿರ ಉಳಿದಿರುತ್ತದೆ.

ಎರಡನೆಯದು ಹರಳಿನ ಗಾತ್ರ. ಇಡೀ ದಿನ ಎಣಿಸಿದರೂ ಕೆಲವು ಬೆಕೆರೆಲ್‌ಗಿಂತ ಕೆಳಗೆ ಭರವಸೆಯಿಂದ ಮಾತಾಡಲು ಆಗುವುದಿಲ್ಲ. ಕೋಣೆಯ ಗಾಳಿಯ ರೇಡಾನ್ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಇರುತ್ತದೆ. ಹಾಗಾಗಿ ಬ್ಯಾಕ್‌ಗ್ರೌಂಡೇ ಅಲುಗಾಡುತ್ತಿರುತ್ತದೆ. ಸೀಸದ ಇಟ್ಟಿಗೆಗಳ ನಡುವೆ ಇಟ್ಟರೆ ಸುಧಾರಿಸುತ್ತದೆ.

ಉಪಕರಣ ಸರಿ ಇದೆಯಾ ಅಂತ ನೋಡಲು ಯಾವ ವಿಶೇಷ ಮೂಲವನ್ನೂ ತರಿಸಬೇಕಿಲ್ಲ. ಗೊಬ್ಬರದ ಅಂಗಡಿಯ ಕೆಂಪು ಪೊಟ್ಯಾಷ್ ಒಂದು ಕಿಲೋ ತನ್ನಿ. ಅದರಲ್ಲಿ ಸಹಜವಾಗಿ ಸುಮಾರು 15,000 ಬೆಕೆರೆಲ್ ಪೊಟ್ಯಾಸಿಯಂ-40 ಇರುತ್ತದೆ. 1,461 ಕೆಇವಿಯಲ್ಲಿ ಪೀಕ್ ಬರಬೇಕು. ಹಳೆಯ ಪೆಟ್ರೋಮ್ಯಾಕ್ಸ್ ದೀಪದ ಥೋರಿಯಂ ಮ್ಯಾಂಟಲ್ ಸಿಕ್ಕರೆ 239 ಕೆಇವಿಯ ಗೆರೆಯನ್ನೂ ನೋಡಬಹುದು. ಆದರೆ ಮ್ಯಾಂಟಲನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯಬೇಡಿ, ಅದರ ಪುಡಿ ಉಸಿರಿಗೆ ಹೋಗಬಾರದು.

ದೊಡ್ಡ ಸೋಡಿಯಂ ಅಯೋಡೈಡ್

ಮೂರಿಂಚಿನ ಹರಳು, ಸುತ್ತ ಐದು ಸೆಂಟಿಮೀಟರ್ ಸೀಸ. ಹಲವು ಕಾಲೇಜುಗಳ ಭೌತಶಾಸ್ತ್ರ ವಿಭಾಗದಲ್ಲಿ ಇಂಥದ್ದೊಂದು ಇರುತ್ತದೆ, ಬಟ್ಟೆ ಮುಚ್ಚಿಕೊಂಡು. ಹೊಸದು ಕೊಳ್ಳುವ ಮೊದಲು ಅದನ್ನು ಕೇಳಿ ನೋಡಿ. ಒಂದು ದಿನ ಎಣಿಸಿದರೆ ಅರ್ಧ ಬೆಕೆರೆಲ್ ಆಸುಪಾಸಿನ ಸೀಸಿಯಂ ಹಿಡಿಯಬಹುದು. ಪೀಕಿನ ಅಗಲ 45 ಕೆಇವಿ, ಹಾಗಾಗಿ ಹೆಸರಿನ ಗೊಂದಲ ಕಡಿಮೆಯಾದರೂ ಹೋಗುವುದಿಲ್ಲ. ಯಾವ ಪರಮಾಣು ಅಂತ ಮೊದಲೇ ಗೊತ್ತಿದ್ದು ಎಷ್ಟು ಅಂತ ಮಾತ್ರ ಬೇಕಾದಾಗ, ನೂರಾರು ಫಿಲ್ಟರು ಸಾಲಾಗಿ ಎಣಿಸಬೇಕಾದಾಗ ಇದು ಒಳ್ಳೆಯ ಆಯ್ಕೆ.

ಜರ್ಮೇನಿಯಂ ಡಿಟೆಕ್ಟರ್

ಗಾಳಿ ಫಿಲ್ಟರಿನ ವಿಷಯದಲ್ಲಿ ಕೊನೆಯ ಮಾತು ಇದರದ್ದೇ. 662 ಕೆಇವಿಯಲ್ಲಿ ಗೆರೆಯ ಅಗಲ ಒಂದೂವರೆ ಕೆಇವಿ ಅಷ್ಟೇ. 605, 609, 622, 662 ನಾಲ್ಕೂ ಬೇರೆ ಬೇರೆ ನಿಂತು ಕಾಣುತ್ತವೆ. ಹರಳನ್ನು ದ್ರವ ಸಾರಜನಕದಲ್ಲೋ ವಿದ್ಯುತ್ ಕೂಲರಿನಲ್ಲೋ ತಣ್ಣಗಿಡಬೇಕು. ಹತ್ತು ಸೆಂಟಿಮೀಟರ್ ಸೀಸದ ಕವಚ ಬೇಕು. ಇದನ್ನು ಮನೆಗೆ ಕೊಳ್ಳುವ ಮಾತಿಲ್ಲ, ಇದ್ದಲ್ಲಿಗೆ ಫಿಲ್ಟರ್ ಕಳಿಸಬೇಕು.

ಇದು ಹೇಳುವ ಕತೆ ಎಷ್ಟು ಸ್ಪಷ್ಟ ಅನ್ನುವುದಕ್ಕೆ ಸೀಸಿಯಂ ಜೋಡಿಯನ್ನೇ ನೋಡಿ. ಫುಕುಶಿಮಾದಿಂದ ಸೀಸಿಯಂ-134 ಮತ್ತು 137 ಹೆಚ್ಚುಕಡಿಮೆ ಸಮಸಮ ಬಂದವು. ರಿಯಾಕ್ಟರಿನ ಸಹಿ ಅದು. 1998ರಲ್ಲಿ ಸ್ಪೇನಿನ ಅಲ್ಜೆಸಿರಾಸ್‌ನಲ್ಲಿ ಉಕ್ಕಿನ ಕಾರ್ಖಾನೆಯೊಂದು ಗುಜರಿಯ ಜೊತೆ ಬಂದ ವಿಕಿರಣ ಮೂಲವನ್ನು ಕರಗಿಸಿಬಿಟ್ಟಿತು. ಆಗ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿಯ ಫಿಲ್ಟರುಗಳಲ್ಲಿ ಸಿಕ್ಕಿದ್ದು 137 ಒಂದೇ. 134ರ ಅರ್ಧಾಯುಷ್ಯ ಎರಡು ವರ್ಷ. ಫುಕುಶಿಮಾದ 134 ಈಗ ನೂರಕ್ಕೆ ಒಂದರ ಆಸುಪಾಸಿಗೆ ಇಳಿದಿದೆ. ಇವತ್ತಿನ ಫಿಲ್ಟರಿನಲ್ಲಿ ಎರಡೂ ಸಮಸಮ ಕಂಡರೆ ಅದು ಹೊಸ ಸುದ್ದಿ.

ಇದರಲ್ಲಿ ಒಂದು ದಿನ ಎಣಿಸಿದರೆ ಒಂದು ಬೆಕೆರೆಲಿನ ನೂರರಲ್ಲಿ ಕೆಲವು ಪಾಲು ಕೂಡ ಸಿಗುತ್ತದೆ. ಆದರೂ ಪವಾಡ ಮಾಡುವುದಿಲ್ಲ. ಇವತ್ತು ಯುರೋಪಿನ ಗಾಳಿಯಲ್ಲಿ ಉಳಿದಿರುವ ಸೀಸಿಯಂ-137 ಘನ ಮೀಟರಿಗೆ ಒಂದು ಮೈಕ್ರೋಬೆಕೆರೆಲ್ ಅಥವಾ ಅದಕ್ಕೂ ಕಡಿಮೆ. 1,600 ಘನ ಮೀಟರಿನ ಹಾಳೆಯಲ್ಲಿ ಹತ್ತು ನಿಮಿಷಕ್ಕೊಂದು ಕ್ಷಯ. ಜರ್ಮೇನಿಯಂ ಅದರಲ್ಲಿ ದಿನಕ್ಕೆ ಮೂರ್ನಾಲ್ಕು ಮಾತ್ರ ಎಣಿಸುತ್ತದೆ. ಇಂಥ ಮಟ್ಟ ಅಳೆಯುವವರು ಗಂಟೆಗೆ 500 ಘನ ಮೀಟರ್ ಮತ್ತು ಅದಕ್ಕೂ ಹೆಚ್ಚು ಎಳೆಯುವ ಸ್ಯಾಂಪ್ಲರನ್ನು ದಿನಗಟ್ಟಲೆ ಓಡಿಸುತ್ತಾರೆ. ಡಿಟೆಕ್ಟರಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪವನ್ನು ಪಂಪಿಗೆ ಇಡಿ ಅಂತ ನಾನು ಹೇಳುವುದು ಇದಕ್ಕೇ. ಗಾಳಿ ಹತ್ತು ಪಟ್ಟಾದರೆ ಸಿಗುವ ಬೆಕೆರೆಲ್ಲೂ ಹತ್ತು ಪಟ್ಟು.

ನನಗೆ ತುಂಬ ಹಿಡಿಸಿದ ಪರೀಕ್ಷೆಯೊಂದು ಇಲ್ಲಿದೆ. ಬಾಹ್ಯಾಕಾಶದ ಕಿರಣಗಳಿಂದ ವಾತಾವರಣದ ಮೇಲ್ಪದರದಲ್ಲಿ ಬೆರಿಲಿಯಂ-7 ಹುಟ್ಟಿ ಕೆಳಗಿಳಿಯುತ್ತದೆ. ನೆಲದ ಗಾಳಿಯಲ್ಲಿ ಘನ ಮೀಟರಿಗೆ ಕೆಲವು ಮಿಲಿಬೆಕೆರೆಲ್ ಇರುತ್ತದೆ, ಗೆರೆ 478 ಕೆಇವಿಯಲ್ಲಿ. ಹೊರಗಿನ ಗಾಳಿಯ ಒಳ್ಳೆಯ ಫಿಲ್ಟರಿನಲ್ಲಿ ಅದು ಕಾಣಲೇಬೇಕು. ಅದೇ ಕಾಣದಿದ್ದರೆ ಸ್ಯಾಂಪಲ್ ಸಾಲದು ಅಂತ ಅರ್ಥ. ಆಗ "ಸೀಸಿಯಂ ಸಿಗಲಿಲ್ಲ" ಅನ್ನುವ ಮಾತಿಗೆ ತೂಕ ಇರುವುದಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಮಳೆ ಅದನ್ನು ತೊಳೆದುಹಾಕುವುದರಿಂದ ಬೇಸಿಗೆಗಿಂತ ಕಡಿಮೆ ಸಿಗುತ್ತದೆ. ಲೆಕ್ಕಕ್ಕೆ ಅದನ್ನೂ ತಗೊಳ್ಳಿ.

ಗಾಮಾ ಬಿಡದವುಗಳಿಗೆ

ಸ್ಟ್ರಾನ್ಷಿಯಂ-90 ಬೇಕಾದರೆ ಫಿಲ್ಟರನ್ನು ಕರಗಿಸಿ ರಸಾಯನದಿಂದ ಬೇರ್ಪಡಿಸಬೇಕು. ಮಗಳು ಇಟ್ರಿಯಂ-90 ಬೆಳೆಯಲು ಎರಡು ವಾರ ಕಾಯಬೇಕು. ಪ್ಲುಟೋನಿಯಂ ಆದರೆ ಬೇರ್ಪಡಿಸಿ ತೆಳ್ಳಗೆ ಲೇಪಿಸಿ ಆಲ್ಫಾ ಸ್ಪೆಕ್ಟ್ರೋಮೀಟರಿನಲ್ಲಿ ಇಡಬೇಕು. ಅಲ್ಲೂ 239 ಮತ್ತು 240 ಒಂದೇ ಪೀಕಾಗಿ ಬರುತ್ತವೆ. ಅವನ್ನು ಬಿಡಿಸಲು ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಖರ್ಚೂ ಜಾಸ್ತಿ, ವಾರಗಳೂ ಜಾಸ್ತಿ. ಗಾಮಾದಲ್ಲಿ ಏನಾದರೂ ಕಂಡ ಮೇಲೆ ಮಾತ್ರ ಈ ಕಡೆ ಹೋಗಿ. ಇದಕ್ಕೆ ಫಿಲ್ಟರಿನ ಕಾಗದವೂ ಮುಖ್ಯ. ಗಾಜಿನ ನಾರಿನ ಹಾಳೆ ಧೂಳು ಹಿಡಿಯಲು ಚೆನ್ನ, ಆದರೆ ಕರಗಿಸುವುದು ಕಷ್ಟ, ಅದರಲ್ಲೇ ಪೊಟ್ಯಾಸಿಯಂ, ಯುರೇನಿಯಂ ಸ್ವಲ್ಪ ಇರುತ್ತದೆ. ಸೆಲ್ಯುಲೋಸ್ ಹಾಳೆ ಸುಲಭವಾಗಿ ಬೂದಿಯಾಗುತ್ತದೆ.

ಇನ್ನೊಂದು ದಾರಿ ಚಿತ್ರ ತೆಗೆಯುವುದು. ಫಿಲ್ಟರನ್ನು ಇಮೇಜಿಂಗ್ ಪ್ಲೇಟಿನ ಮೇಲೆ ಒತ್ತಿ ಇಟ್ಟರೆ ವಿಕಿರಣ ಎಲ್ಲಿದೆಯೋ ಅಲ್ಲಿ ಚುಕ್ಕೆ ಮೂಡುತ್ತದೆ. 2011ರ ಮಾರ್ಚ್ 14-15ರಂದು ಜಪಾನಿನ ಸುಕುಬಾದಲ್ಲಿ ಹಿಡಿದ ಫಿಲ್ಟರಿನಲ್ಲಿ ಹೀಗೆ ಕಡು ಚುಕ್ಕೆಗಳು ಮೂಡಿದವು. ಆ ಕಣಗಳನ್ನು ಎತ್ತಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸುಮಾರು ಎರಡೂವರೆ ಮೈಕ್ರಾನಿನ, ಸೀಸಿಯಂ ತುಂಬಿದ ದುಂಡು ಗುಂಡುಗಳು ಕಂಡವು. 2013ರಲ್ಲಿ ಇದು ಪ್ರಕಟವಾಯಿತು. ನೀರಿನಲ್ಲಿ ಕರಗದ ಆ ಗುಂಡುಗಳನ್ನು ಜರ್ಮೇನಿಯಂ ಡಿಟೆಕ್ಟರ್ ತಾನಾಗಿ ತೋರಿಸುತ್ತಿರಲಿಲ್ಲ, ಅದಕ್ಕೆ ಒಟ್ಟು ಮೊತ್ತ ಮಾತ್ರ ಗೊತ್ತು. ಉಸಿರಿನ ಪ್ರಶ್ನೆಯಲ್ಲಿ ಕಣ ಹೇಗಿದೆ ಅನ್ನುವುದೂ ಮುಖ್ಯ ಆದ್ದರಿಂದ ಈ ದಾರಿಯನ್ನು ಕಡೆಗಣಿಸಬಾರದು.

ಕಾಗದಕ್ಕೆ ಸಿಗದವು

ಯಾವ ಡಿಟೆಕ್ಟರ್ ತಂದರೂ ಫಿಲ್ಟರಿನಲ್ಲಿ ಕೂರದ್ದನ್ನು ಅಳೆಯಲು ಆಗುವುದಿಲ್ಲ. ಕ್ಸೆನಾನ್ ಸೀದಾ ದಾಟಿಹೋಗುತ್ತದೆ. ಫುಕುಶಿಮಾದ ಅಯೋಡಿನ್ ಯುರೋಪ್ ತಲುಪಿದಾಗ ಅದರ ಮುಕ್ಕಾಲು ಪಾಲು ಅನಿಲವಾಗಿತ್ತು. ಅದಕ್ಕೆ ಕಾಗದದ ಹಿಂದೆ ಇದ್ದಿಲಿನ ಡಬ್ಬಿ ಬೇಕು.

ಕೈಗಾ ಹತ್ತಿರದವರಿಗೆ ಇಲ್ಲಿ ಒಂದು ಮಾತು. ಅಲ್ಲಿ ಓಡುತ್ತಿರುವ ನಾಲ್ಕೂ ಘಟಕಗಳು ಭಾರಜಲದವು. ಇಂಥ ಸ್ಥಾವರಗಳಿಂದ ಸಾಮಾನ್ಯ ದಿನಗಳಲ್ಲಿ ಹೊರಬರುವುದರಲ್ಲಿ ಮುಖ್ಯವಾದದ್ದು ಟ್ರಿಟಿಯಂ, ಅಂದರೆ ವಿಕಿರಣಶೀಲ ಜಲಜನಕ. ಅದು ಗಾಳಿಯ ತೇವದಲ್ಲಿ ನೀರಾಗಿ ಬೆರೆತಿರುತ್ತದೆ, ಧೂಳಾಗಿ ಅಲ್ಲ. ಅದರ ಬೀಟಾ ಎಷ್ಟು ದುರ್ಬಲ ಅಂದರೆ ಗೈಗರ್ ಟ್ಯೂಬಿನ ಕಿಟಕಿಯನ್ನೂ ದಾಟುವುದಿಲ್ಲ. ಸಿಲಿಕಾ ಜೆಲ್‌ನಲ್ಲಿ ತೇವ ಹಿಡಿದು, ನೀರು ಇಳಿಸಿ, ದ್ರವ ಸಿಂಟಿಲೇಷನ್ ಕೌಂಟರಿನಲ್ಲಿ ಎಣಿಸಬೇಕು. ಪ್ಯೂರಿಫೈಯರಿನ ಫಿಲ್ಟರ್ ಹಿಡಿದು "ಏನೂ ಇಲ್ಲ" ಅಂದರೂ "ಇದೆ" ಅಂದರೂ ಟ್ರಿಟಿಯಂ ಬಗ್ಗೆ ಅದು ಏನನ್ನೂ ಹೇಳಿದಂತಾಗುವುದಿಲ್ಲ. ಸ್ಥಾವರದ ಪರಿಸರ ಸಮೀಕ್ಷಾ ಪ್ರಯೋಗಾಲಯ ಗಾಳಿ, ನೀರು, ಆಹಾರ ಎಲ್ಲವನ್ನೂ ಅಳೆಯುತ್ತದೆ. ನೀವು ಸ್ವತಂತ್ರವಾಗಿ ಅಳೆಯಬೇಕು ಅಂದುಕೊಂಡರೆ, ಅದು ನ್ಯಾಯವಾದ ಆಸೆಯೇ, ಮೊದಲು ಟ್ರಿಟಿಯಂ ಕಡೆಯಿಂದ ಯೋಚಿಸಿ.

ಯಾರು ಯಾವುದನ್ನು ಆರಿಸಬೇಕು

ಕಲಿಯುವ ಆಸೆ, ಕೈಯಲ್ಲಿ ಕಡಿಮೆ ದುಡ್ಡು ಇದ್ದರೆ ಪ್ಯಾನ್‌ಕೇಕ್ ಗೈಗರ್ ಮತ್ತು ಒಂದು ಸಣ್ಣ ಪಂಪ್. ಸ್ಥಾವರದಿಂದ ದೂರ ಇದ್ದು, ಅಪಘಾತ ಆದರೆ ತಿಳಿಯಬೇಕು ಅನ್ನುವವರಿಗೂ ಅಷ್ಟೇ ಸಾಕು. ಈಗಿನಿಂದಲೇ ದಿನಾ ಒಂದೇ ಹೊತ್ತಿಗೆ ಎಣಿಸಿ ಬರೆದಿಟ್ಟರೆ ನಿಮ್ಮ ಊರಿನ ಸಹಜ ಮಟ್ಟ ಗೊತ್ತಿರುತ್ತದೆ.

ಇನ್ನೂ ಸ್ವಲ್ಪ ಖರ್ಚು ಮಾಡಬಲ್ಲವರು ಪುಟ್ಟ ಸ್ಪೆಕ್ಟ್ರೋಮೀಟರ್ ಕೊಳ್ಳಲಿ, ಆದರೆ ಗೈಗರ್ ಬದಲಿಗೆ ಅಲ್ಲ, ಜೊತೆಗೆ. ಅದಕ್ಕೆ ಆಲ್ಫಾ, ಬೀಟಾ ಸರಿಯಾಗಿ ಕಾಣುವುದಿಲ್ಲ. ಒಂದನ್ನೇ ಕೊಳ್ಳಬೇಕು ಅಂದರೆ? ಫಿಲ್ಟರ್ ಕೆಲಸಕ್ಕೆ ನಾನು ಪ್ಯಾನ್‌ಕೇಕ್ ಅನ್ನೇ ಆರಿಸುತ್ತೇನೆ.

ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಕೊಳ್ಳುವ ಗೋಜಿಗೆ ಹೋಗಬೇಡಿ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣಕ್ಕೇ ಒಂದು ಸಂಶೋಧನಾ ಕೇಂದ್ರ ಇದೆ. ನಿಮ್ಮ ಗೈಡ್ ಮೂಲಕ ಅಂಥ ಕಡೆ ಕೇಳಿ. ಪ್ರಮಾಣಪತ್ರ ಬೇಕಾದವರಿಗೆ ನವಿ ಮುಂಬೈನಲ್ಲಿ ಪರಮಾಣು ಶಕ್ತಿ ಇಲಾಖೆಯ ಬ್ರಿಟ್ (BRIT) ಸಂಸ್ಥೆಯ ಲ್ಯಾಬ್ ಇದೆ, ರಫ್ತಿನ ಸರಕನ್ನು ಪರೀಕ್ಷಿಸುತ್ತದೆ. ಗಾಳಿ ಫಿಲ್ಟರ್ ತಗೊಳ್ಳುತ್ತಾರಾ ಅಂತ ಮೊದಲೇ ಕೇಳಿಕೊಂಡು ಕಳಿಸಿ.

ಕಾರಿನ ಫಿಲ್ಟರ್, ಮನೆಯ ಪ್ಯೂರಿಫೈಯರ್ ಫಿಲ್ಟರ್ ಇದ್ದವರು "ಯಾವುದು" ಅನ್ನುವ ಪ್ರಶ್ನೆಯನ್ನಷ್ಟೇ ಕೇಳಬಹುದು. ಫುಕುಶಿಮಾ ಆದಮೇಲೆ ಜಪಾನಿನ ಕಾರುಗಳ ಫಿಲ್ಟರಿನಲ್ಲಿ ಸೀಸಿಯಂ ಹುಡುಕಿ ತೋರಿಸಿದವರಿದ್ದಾರೆ. ಆದರೆ ಕಾರು ಎಲ್ಲೆಲ್ಲಿ ಓಡಿತು, ಎಷ್ಟು ಗಾಳಿ ಎಳೆಯಿತು ಗೊತ್ತಿಲ್ಲ. ಪ್ಯೂರಿಫೈಯರ್ ಆದರೆ ಅದೇ ಕೋಣೆಯ ಗಾಳಿಯನ್ನು ತಿರುಗಿಸಿ ತಿರುಗಿಸಿ ಎಳೆಯುತ್ತದೆ. ಗಂಟೆಗೆ 300 ಘನ ಮೀಟರ್ ಅಂತ ಡಬ್ಬಿಯ ಮೇಲೆ ಇದ್ದರೂ ಅಷ್ಟು ಹೊರಗಿನ ಗಾಳಿ ಬಂದಿಲ್ಲ. ಅದರಿಂದ ಘನ ಮೀಟರಿಗೆ ಇಷ್ಟು ಅಂತ ಅಂಕಿ ತೆಗೆಯಬೇಡಿ.

ಕಳಿಸುವಾಗ ಗ್ಲೌಸ್, ಮಾಸ್ಕ್ ಹಾಕಿಕೊಂಡು, ಫಿಲ್ಟರನ್ನು ಕೊಡವದೆ, ಧೂಳಿನ ಬದಿ ಒಳಗೆ ಬರುವಂತೆ ಮಡಿಸಿ ಜಿಪ್ ಚೀಲದಲ್ಲಿ ಇಡಿ. ಚೀಲದ ಮೇಲೆ ಪಂಪ್ ಹಾಕಿದ ಮತ್ತು ತೆಗೆದ ದಿನ, ಹೊತ್ತು, ಗಾಳಿಯ ವೇಗ, ಜಾಗ ಬರೆಯಿರಿ. ಅದೇ ಪ್ಯಾಕೆಟಿನ ಬಳಸದ ಒಂದು ಫಿಲ್ಟರನ್ನೂ ಜೊತೆಗೆ ಕಳಿಸಿ. ಗಾಜಿನ ನಾರಿನಲ್ಲಿ ಮೊದಲೇ ಇದ್ದದ್ದನ್ನು ಕಳೆಯಲು ಅದು ಬೇಕು. ಲ್ಯಾಬಿನವರನ್ನು ಎರಡು ಪ್ರಶ್ನೆ ಕೇಳಿ. ನನ್ನ ಫಿಲ್ಟರನ್ನು ಯಾವ ಆಕಾರಕ್ಕೆ ಒತ್ತುತ್ತೀರಿ, ಅದೇ ಆಕಾರಕ್ಕೆ ಡಿಟೆಕ್ಟರನ್ನು ಕ್ಯಾಲಿಬ್ರೇಟ್ ಮಾಡಿದ್ದೀರಾ? ಸಿಗದಿದ್ದರೆ, ಎಷ್ಟರ ಕೆಳಗೆ ನಿಮಗೆ ಸಿಗುವುದಿಲ್ಲ? ಎರಡನೆಯದಕ್ಕೆ ಬೆಕೆರೆಲ್ ಲೆಕ್ಕದಲ್ಲಿ ಅಂಕಿ ಕೊಡದೆ "ಇಲ್ಲ" ಅಂತ ಮಾತ್ರ ಬರೆದ ವರದಿಗೆ ದುಡ್ಡು ಕೊಡಬೇಡಿ.